ಬರೀ ಕಣ್ಣಲ್ಲಿ ಓದು

ಬಿಳಿ, ಬಿಳಿಯೊಳಗೆ ಕಪ್ಪು ಕಪ್ಪಾಗಿ ಏನೋ, ಹಾಲಿಗೆ ಇರುವೆ ಬಿದ್ದ ಹಾಗೆ, ಇಲ್ಲ, ಇರುವೆ ಆಗಿದ್ರೆ ಕಾಲಾದ್ರೂ ಬಡೀತಿತ್ತು, ಇವು ಸುಮ್ಮನೆ ಕರಗ್ತಾ ಕೂತಿವೆ, ಮೇಲಿನದು ದೊಡ್ಡದು, ಅದು ಠ, ಅದು ಠ ಅಂತ ನನಗೆ ಹೇಗೆ ಗೊತ್ತು, ಕಾಣುತ್ತೆ ಅಂತಲೋ, ನಾನು ಹುಟ್ಟಿದಾಗಿಂದ ಅದು ಬೇರೆ ಏನೂ ಆಗಿಲ್ಲ ಅಂತಲೋ — ತೊಡೆ ಕೆಳಗೆ ರೆಕ್ಸಿನ್ನು ಅಂಟ್ತಾ ಇದೆ, ಈ ಕುರ್ಚಿಗೆ ನನ್ನಷ್ಟೇ ವಯಸ್ಸು, ಇದರ ಹೊದಿಕೆನಾದ್ರೂ ಆಗಾಗ ಬದಲಾಯಿಸಿದಾರೆ, ಹೊಸ ಬಣ್ಣದ ವಾಸನೆ ಮೂಗಲ್ಲೇ ಮನೆ ಮಾಡಿದೆ, ಮಗಳು ಬರ್ತಾಳೆ ಅಂತ ಬಣ್ಣ ಹೊಡೆಸಿದ್ದಂತೆ, ಮನೆಗಲ್ಲ, ಕನ್ನಡಕದಂಗಡಿ ಹಿಂದಿನ ಈ ಕಣ್ಣು ಪರೀಕ್ಷೆ ಕೋಣೆಗೆ, ಆಗಲೇ ನನ್ನ ಬುದ್ಧಿಗೆ ಹೊಳೀಬೇಕಿತ್ತು ಬಣ್ಣ ಯಾರ ಮುಖಕ್ಕೆ ಅಂತ. ಕನ್ನಡಕ ತೆಗೆದ್ಯಾ ಇಲ್ವಾ, ಅಂತಾನೆ ಅಪ್ಪ, ತೆಗೆದು ಕೈಯಲ್ಲಿ ಹಿಡಿದು ಅವನ ಕಡೆಗೇ ಚಾಚಿದೀನಿ, ತಗೋ ನಿನ್ನ ಶತ್ರು ಅಂತ, ಆದ್ರೂ ತೆಗೆದ್ಯಾ ಇಲ್ವಾ, ಈ ಮನುಷ್ಯನಿಗೆ ಬೀಡಿ ಇಲ್ಲ, ಇಸ್ಪೀಟಿಲ್ಲ, ಇರೋ ಚಟ ಚುಚ್ಚೋದೊಂದೇ, ತೆಗೆದೆ ಅಪ್ಪಾ ಅಂದೆ, ಮಡಿಲಲ್ಲಿಟ್ಕೊಂಡೆ, ಬಲಗಣ್ಣು ಮುಚ್ಚು, ಅಂಗೈಯಲ್ಲಿ ಒತ್ತಬೇಡ, ಬಟ್ಟಲು ಮಾಡಿ ಮುಚ್ಚು, ಹುಂ, ಈಗ ಬರೀ ಕಣ್ಣಲ್ಲಿ ಓದು, ಮೇಲಿಂದ. ಠ, ಅಂದೆ. ಸರಿ, ಅಂದ. ಪರದೆಯ ಆಚೆ ಲೆಕ್ಕದ ಮೇಷ್ಟ್ರು ಬೆಂಚಿನ ಮೇಲೆ ಕೂತು ಕಾಲು ಅಲ್ಲಾಡಿಸ್ತಿದಾರೆ, ಬೆಂಚು ಕಿರ್ ಕಿರ್ ಅಂತಿದೆ, ಪಂಥಕ್ಕೆ ಸಾಕ್ಷಿ ಅವರು, ಹಳೇ ಗಿರಾಕಿ, ರಿಟೈರ್ ಆದ್ಮೇಲೆ ಲೆಕ್ಕ ಹಾಕೋಕೆ ಬೇರೇನೂ ಇಲ್ಲದೆ ಊರವರ ಮನೆ ಹೆಣ್ಣುಮಕ್ಕಳ ವಯಸ್ಸು ಲೆಕ್ಕ ಹಾಕ್ತಾರೆ, ಏನ್ ಯಜಮಾನ್ರೇ ಶುರುವಾಯ್ತಾ, ಅಂದ್ರು ಅಲ್ಲಿಂದಲೇ, ಶುರುವಾಯ್ತು ಮೇಷ್ಟ್ರೇ, ಈಗ ನೋಡಿ ಆ ದೇಶದವರ ಬಂಡವಾಳ, ಅಂದ ಅಪ್ಪ.

ಪಂಥ ಇಷ್ಟೇ, ಬೆಳಗ್ಗೆ ತಿಂಡಿ ತಿನ್ನೋವಾಗ ಆಗಿದ್ದು, ಆಗಲೂ ಮೇಷ್ಟ್ರು ಇದ್ರು, ತಿಂಡಿ ಹೊತ್ತಿಗೆ ಅವರು ಎಲ್ಲಿ ಇರಲ್ಲ. ನಾನು ಓದಿದ್ರೆ ನನ್ನ ಕಣ್ಣು ಸರಿ ಇದೆ ಅಂತ ಅರ್ಥ, ಕನ್ನಡಕ ತೆಗೆದು ಡ್ರಾಯರಿಗೆ ಹಾಕಿ ಬಿಳಿ ಕೋಟು ತೊಟ್ಟು ಇದೇ ಕೋಣೆಯಲ್ಲಿ ನಿಲ್ಲಬೇಕು, ಇನ್ನು ಆ ದೇಶ ಈ ದೇಶ ಅನ್ನಬಾರದು, ಓದೋಕೆ ಆಗದಿದ್ರೆ ಅಪ್ಪನೇ ತನ್ನ ಕೈಯಾರೆ ಸಾಣೆಕಲ್ಲಿಗೆ ಹಿಡಿದು ನನಗೆ ಲೆನ್ಸ್ ಉಜ್ಜಿ ಕೊಡ್ತಾನೆ, ಬರೋ ವಾರ ವಿಮಾನ ಹತ್ತಿಸಿ ಕೈ ಬೀಸ್ತಾನೆ. ಒಪ್ಪಿದೆ. ಯಾಕೆ ಒಪ್ಪಲ್ಲ, ಇಷ್ಟು ಸುಲಭದ ಪಂಥ ಯಾವ ಮೂರ್ಖಳು ಬಿಡ್ತಾಳೆ, ನನಗೆ ಕಾಣಲ್ಲ, ನಿಜವಾಗ್ಲೂ ಕಾಣಲ್ಲ, ಠ ಬಿಟ್ರೆ ಕೆಳಗೆಲ್ಲ ಮಸಿ ಚೆಲ್ಲಿದ ಹಾಗಿದೆ, ನಾನು ಮಾಡಬೇಕಾದ್ದು ನಿಜ ಹೇಳೋದು ಅಷ್ಟೇ, ಜೀವನದಲ್ಲಿ ಮೊದಲನೇ ಸಲ ನಿಜ ಹೇಳೋದ್ರಿಂದ ಲಾಭ ಇದೆ ನನಗೆ. ಎರಡನೇ ಸಾಲು ಓದಮ್ಮಾ, ಅಂದ. ಗ, ಆಮೇಲೆ ರ, ಅಂದೆ, ಇದೊಂದು ಇರಲಿ, ಮೊದಲನೇ ಓವರಿಗೇ ಔಟಾದ್ರೆ ಮೇಷ್ಟ್ರಿಗೆ ಬೇಜಾರಾಗುತ್ತೆ, ಮೂರನೇ ಸಾಲಿಗೆ ನಿಲ್ಲಿಸ್ತೀನಿ, ಕಾಣ್ತಿಲ್ಲ ಅಪ್ಪಾ ಅಂತೀನಿ, ಎರಡೇ ಪದ.

ಗ ರ, ಬ ಡ ಪ, ನ ಳ ಹ ಟ. ಬಾಯಿ ಇದೆಯಲ್ಲ, ಅದು ಕೋಣೆಗೆ ಕಾಲಿಟ್ಟ ತಕ್ಷಣ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ. ನಾನು ಅ ಆ ಇ ಈ ಕಲಿತಿದ್ದು ಸ್ಕೂಲಲ್ಲಿ, ಅದಕ್ಕೂ ಮುಂಚೆ ಕಲಿತಿದ್ದು ಠ, ಅಂಗಡಿಯಲ್ಲಿ ಜನ ಇದ್ರೆ ಅಮ್ಮ ಕೌಂಟರಲ್ಲಿ ಫ್ರೇಮು ತೋರಿಸ್ತಾ ಇರ್ತಿದ್ಳು, ನನ್ನನ್ನ ಈ ಕುರ್ಚಿ ಮೇಲೆ ಕೂರಿಸಿ ಬೋರ್ಡಿನ ಲೈಟು ಹಾಕಿಬಿಡ್ತಿದ್ರು, ಬೇರೆ ಮಕ್ಕಳಿಗೆ ಕಾರ್ಟೂನು, ನನಗೆ ಇದು, ಎದುರಿಗೆ ಗಿರಾಕಿ ಓದ್ತಿದ್ರೆ ನಾನು ನೆಲದ ಮೇಲೆ ಕೂತು ಹಿಂದೆ ಹಿಂದೆನೇ ಹೇಳ್ತಿದ್ದೆ, ಅಮ್ಮ ತಟ್ಟಿ ಮಲಗಿಸ್ತಿದ್ದದ್ದೂ ಅದೇ ರಾಗ, ಠಾ... ಗರಾ... ಬಡಪಾ... ನಳಹಟಾ, ಬಡಪ ಅಂದ್ರೆ ನಮ್ಮನೇಲಿ ಬಡಪಾಯಿ, ಸಾಲ ಹೇಳಿ ಫ್ರೇಮು ತಗೊಂಡು ಹೋಗೋನು, ನಳಹಟ ಅಂದ್ರೆ ಹಟ ಮಾಡೋ ನಲ್ಲಿ, ನೀರು ಬಿಡಲ್ಲ. ಏಳನೇ ಸಾಲಿನ ತನಕ ನಿದ್ದೆ ಬರದಿದ್ರೆ ಜ್ವರ ಇದೆ ಅಂತ ಲೆಕ್ಕ. ಹೀಗೆ ಒಂದು ಮನೆ ಇರುತ್ತಾ, ಇತ್ತು, ಅದರಲ್ಲಿ ನಾನು ಬೆಳೆದೆ, ಓದು ಅಂದ್ರೆ ಹೇಳು ಅಂತ ಅಂದ್ಕೊಂಡೇ ಬೆಳೆದೆ, ಗಿರಾಕಿಗಳು ಬ ಅನ್ನೋದಕ್ಕೆ ತಡವರಿಸಿದ್ರೆ ಪಾಪ ಮರೆತುಬಿಟ್ಟಿದಾರೆ ಅಂತ ನಾನು ಕೆಳಗಿಂದ ಹೇಳಿಕೊಡ್ತಿದ್ದೆ, ಅಪ್ಪ ಬಾಯಿಗೆ ಬೆರಳಿಟ್ಟು ಶ್ ಅಂತಿದ್ದ, ನಗ್ತಾ, ಆಗ ನಗ್ತಿದ್ದ. ಸ್ಕೂಲಿಗೆ ಕಣ್ಣು ಪರೀಕ್ಷೆ ಮಾಡೋಕೆ ಬಂದವನೂ ಇವನೇ, ಇದೇ ಬೋರ್ಡು ಕಂಕುಳಲ್ಲಿ, ಮೊದಲು ನನ್ನ ಮಗಳು ಬರಲಿ, ನಾನು ಎದ್ದು ನಿಂತು ಠ ಯಿಂದ ಏಳನೇ ಸಾಲಿನ ಕೊನೆ ತನಕ ರೈಲು ಬಿಟ್ಟೆ, ಟೀಚರೆಲ್ಲ ಚಪ್ಪಾಳೆ, ನೋಡಿದ್ರಾ, ಕಣ್ಣು ಅಂದ್ರೆ ಇದು, ನಮ್ಮನೇಲಿ ನಾನು, ನಮ್ಮ ಮನೆಯವಳು, ಮಗಳು, ಒಬ್ಬರಿಗೂ ಕನ್ನಡಕ ಇಲ್ಲ, ಸಕ್ಕರೆ ಕಾಯಿಲೆ ಇಲ್ಲದ ಮಿಠಾಯಿ ಅಂಗಡಿಯವನಿಗೆ ಇರೋ ಥರದ ಜಂಬ. ಮತ್ತೆ ನಾನು ಬಂದು ಮುಂದಿನ ಬೆಂಚಲ್ಲಿ ಕೂತು, ಕಪ್ಪು ಹಲಗೆ ಮೇಲೆ ಏನಿದೆ ಅಂತ ಪಕ್ಕದವಳ ಪುಸ್ತಕ ನೋಡಿ ಬರ್ಕೊಂಡೆ, ಎಲ್ಲರಿಗೂ ಹಾಗೇ ಅಂದ್ಕೊಂಡೆ, ಲೋಕ ಅಂದ್ರೆ ಹಾಗೇ, ದೂರದ ಜನಕ್ಕೆ ಮುಖ ಇರಲ್ಲ, ನಡಿಗೆ ಇರುತ್ತೆ, ಅಮ್ಮ ಬಲಕ್ಕೆ ವಾಲ್ತಾಳೆ, ಮೇಷ್ಟ್ರು ಕೊಡೆ ಊರ್ತಾರೆ, ಬಸ್ಸಿಗೆ ನಂಬರ್ ಇರಲ್ಲ, ಬಣ್ಣ ಇರುತ್ತೆ. ನಿನಗೆ ದೂರದೃಷ್ಟಿ ಇಲ್ಲ ಕಣೇ, ಅಂತ ಅಪ್ಪ ದಿನಾ ಬೈತಿದ್ದ, ಡಿಗ್ರಿ ಮುಗಿಸಿ ಮುಂದೇನು ಅಂದಾಗ ಭುಜ ಕುಣಿಸಿದ್ದಕ್ಕೆ, ಪಾಪ, ಅವನ ಇಡೀ ವೃತ್ತಿಜೀವನದಲ್ಲಿ ನನ್ನ ಕಣ್ಣಿನ ಬಗ್ಗೆ ಹೇಳಿದ ಸರಿಯಾದ ಮಾತು ಅದೊಂದೇ.

ಏನಮ್ಮಾ ನಿದ್ದೆನಾ, ಅಂತಾನೆ. ಇಲ್ಲಪ್ಪಾ. ಎಡಗಣ್ಣು ನೀರಾಡ್ತಿದೆ, ಬಣ್ಣದ ಘಾಟು. ಒರೆಸ್ಕೋ, ಅವಸರ ಇಲ್ಲ, ಅಂದ, ಅವಸರ ಇಲ್ವಂತೆ, ಅಮ್ಮ ನನ್ನ ವಯಸ್ಸಲ್ಲಿ ನನ್ನ ಕೈ ಹಿಡ್ಕೊಂಡು ಸ್ಕೂಲಿಗೆ ಸೇರಿಸೋಕೆ ಹೋಗಿದ್ಳು, ಅಪ್ಪ ನನ್ನ ವಯಸ್ಸಲ್ಲಿ ಅಂಗಡಿಗೆ ತನ್ನ ಹೆಸರಿನ ಬೋರ್ಡು ಹಾಕಿದ್ದ, ಅವರೆಲ್ಲ ಒಂದು ದಿನ ಮಲಗಿದ್ದು ಮಕ್ಕಳಾಗಿ, ಎದ್ದಿದ್ದು ದೊಡ್ಡವರಾಗಿ, ನಮ್ಮದು ಹಾಗಲ್ಲ, ನಮ್ಮದು ಕಂತು, ನನ್ನ ಜೊತೆ ಓದಿದವರಲ್ಲಿ ಒಬ್ಬಳು ಎಲ್ಲೋ ಕಡಲತೀರದಲ್ಲಿ ಆಮೆ ಮೊಟ್ಟೆ ಕಾಯೋಕೆ ಹೋಗಿ ಬಂದ್ಳು, ಒಬ್ಬ ತೋಟದಲ್ಲಿ ಹಣ್ಣು ಕಿತ್ತು ಸೊಂಟ ಹಿಡಿಸ್ಕೊಂಡು ಬಂದ, ಅದಕ್ಕೆ ಜಾಗತಿಕ ಅನುಭವ ಅಂತ ಹೆಸರು, ಬಂದವರೆಲ್ಲ ಮತ್ತೆ ಅದೇ ಚಿಕ್ಕ ಮಂಚ, ಕಾಲು ಹೊರಗೆ, ಬೀರುವಿನ ಬಾಗಿಲಿಗೆ ಇನ್ನೂ ಹತ್ತನೇ ಕ್ಲಾಸಿನ ಟೈಂಟೇಬಲ್ಲು. ಬಾಗಿಲಲ್ಲಿ ನಿಂತು ಹೋಗ್ತೀನಿ ಅನ್ನಬಾರದು, ಹೋಗಿಬರ್ತೀನಿ ಅನ್ನಬೇಕು ಅಂತ ಕಲಿಸಿದ್ರಲ್ಲ, ನಾವು ಅದನ್ನೇ ಕಸುಬು ಮಾಡ್ಕೊಂಡ್ವಿ, ಹೋಗೋದೂ ಇಲ್ಲ, ಬರೋದೂ ಇಲ್ಲ, ಹೋಗಿಬರೋದು. ನಾನೂ ಹೋದೆ, ಆ ದೇಶಕ್ಕೆ, ಒಂದು ವರ್ಷಕ್ಕೆ, ಒಂದು ಮನೆಯಲ್ಲಿದ್ದು ಅವರ ಎರಡು ಮಕ್ಕಳನ್ನ ನೋಡ್ಕೊಂಡು ಅವರ ಭಾಷೆ ಕಲಿಯೋದು, ನೀನು ಮನೆಯವರಲ್ಲಿ ಒಬ್ಬಳು ಅಂತ ಮೊದಲೇ ಹೇಳಿದ್ರು, ಮನೆಯವರಿಗೆ ಯಾರಾದ್ರೂ ಸಂಬಳ ಕೊಡ್ತಾರಾ. ಅನುಭವಕ್ಕೆ ಅಂತ ಹೋದೆ, ಅನುಭವಿಸಿ ಬಂದೆ. ಆ ಮನೆಯಾಕೆ ಯಾವಾಗ್ಲೂ ನಗ್ತಾ ಇರ್ತಾಳೆ ಅಂತ ಅಮ್ಮನಿಗೆ ಫೋನಲ್ಲಿ ಹೇಳ್ತಿದ್ದೆ, ತುಂಬ ಒಳ್ಳೆಯವಳು ಅಮ್ಮಾ, ಮೆಟ್ಟಿಲ ಮೇಲಿಂದ ನನ್ನ ಕೆಲಸ ನೋಡಿ ನಗ್ತಾಳೆ, ನಾನೂ ಕೆಳಗಿಂದ ನಗ್ತೀನಿ.

ಆಮೇಲೆ ಮಕ್ಕಳನ್ನ ಸ್ಕೂಲಿಗೆ ಬಿಡೋಕೆ ಕಾರು ಕಲಿ ಅಂದ್ರು, ಲೈಸೆನ್ಸಿಗೆ ಕಣ್ಣು ತೋರಿಸು ಅಂದ್ರು, ನಾನು ಹೆಮ್ಮೆಯಿಂದ ಹೋದೆ, ಕಣ್ಣು ಪರೀಕ್ಷೆನಾ, ಅದು ನನ್ನ ಅಪ್ಪನ ಮನೆ, ಕೂತೆ, ಲೈಟು ಹಾಕಿದ್ರು, ನೋಡ್ತೀನಿ, ಠ ಇಲ್ಲ. ಅಕ್ಷರವೇ ಇಲ್ಲ, ಉಂಗುರಗಳು, ಒಂದೊಂದು ಉಂಗುರಕ್ಕೂ ಒಂದೊಂದು ಕಡೆ ಬಾಯಿ ತೆರೆದಿರುತ್ತಂತೆ, ಯಾವ ಕಡೆ ಅಂತ ಹೇಳಬೇಕಂತೆ, ನನ್ನ ಬಾಯಿ ಮಾತ್ರ ತೆರೆದೇ ಇತ್ತು, ಬಾಯಿಪಾಠ ಇಲ್ಲದ ಗೋಡೆ ನಾನು ಅದುವರೆಗೂ ನೋಡಿರಲಿಲ್ಲ. ಪರೀಕ್ಷೆ ಮಾಡ್ತಿದ್ದಾಕೆ ಬೆಳ್ಳಿಗೂದಲಿನ ಹೆಂಗಸು, ಲೈಟು ಹಾಕಿ ನನ್ನ ಪಕ್ಕ ಬಂದು ಕೂತಳು, ನಿನ್ನನ್ನ ಚಿಕ್ಕವಳಿದ್ದಾಗ ಯಾರೂ ಪರೀಕ್ಷೆ ಮಾಡ್ಲಿಲ್ವಾ, ಮಾಡ್ತಿದ್ರು, ನಮ್ಮಪ್ಪ ಮಾಡ್ತಿದ್ರು, ಓ, ನಿಮ್ಮಪ್ಪ ಏನು ಕೆಲಸ ಮಾಡ್ತಾರೆ, ಬೇಕರಿ, ಅಂದೆ. ಬೇಕರಿ! ಎಲ್ಲಿಂದ ಬಂತೋ ಆ ಬೇಕರಿ, ಕಣ್ಣು ಹೋದದ್ದಕ್ಕೆ ಅಳಲಿಲ್ಲ, ಅಪ್ಪನನ್ನ ಬ್ರೆಡ್ಡು ಮಾಡೋನನ್ನಾಗಿ ಮಾಡಿದ್ದಕ್ಕೆ ಬಸ್ಸಲ್ಲಿ ಅತ್ತೆ. ಕನ್ನಡಕ ಬಂತು, ಹಾಕ್ಕೊಂಡು ಮನೆಗೆ ಹೋದೆ, ನಾನು ದಿನಾ ಒರೆಸಿದ ನೆಲ ದಿನಾ ಒರೆಸಿದ ನೆಲದ ಹಾಗೆ ಇರಲಿಲ್ಲ, ಮೂಲೆ ಮೂಲೆಯಲ್ಲಿ ಕಸ ಸಂಸಾರ ಹೂಡಿತ್ತು, ಮೆಟ್ಟಿಲ ಮೇಲೆ ಮನೆಯಾಕೆ ನಿಂತಿದ್ಳು, ಎಂದಿನ ಹಾಗೆ, ನೋಡಿದೆ, ಅದು ನಗು ಅಲ್ಲ, ಹಲ್ಲು ಕಡೀತಿದ್ಳು. ಎಷ್ಟು ತಿಂಗಳು ನಾನು ಹಲ್ಲಿಗೆ ನಮಸ್ಕಾರ ಮಾಡಿದೀನೋ. ಲೋಕಕ್ಕೆ ಮುಖ ಬಂದ ಮೇಲೆ ಗೊತ್ತಾಯ್ತು ಮುಖ ಇಲ್ಲದಿದ್ರೇ ಎಷ್ಟು ಚೆನ್ನಾಗಿತ್ತು ಅಂತ.

ಆದ್ರೆ ಆ ಬೆಳ್ಳಿಗೂದಲಿನಾಕೆ. ರಜಾ ಸಿಕ್ಕಿದಾಗೆಲ್ಲ ಅವಳ ಹತ್ರ ಹೋಗ್ತಿದ್ದೆ, ಅವಳು ನೋಡೋದು ಮಕ್ಕಳ ಕಣ್ಣು, ಮಾತೇ ಬಾರದ ಕೂಸುಗಳದ್ದು, ಅವಕ್ಕೆ ಏನಂತ ಓದಿಸ್ತೀರಿ, ಅವಳು ಒಂದು ರಟ್ಟು ಎತ್ತಿ ಹಿಡಿತಿದ್ಳು, ಅರ್ಧ ಗೆರೆ ಗೆರೆ, ಅರ್ಧ ಬರೀ ಬೂದಿ ಬಣ್ಣ, ಕಾಣೋ ಮಗು ಗೆರೆ ಕಡೆ ತಿರುಗುತ್ತೆ, ಕಾಣದ್ದು ತಿರುಗಲ್ಲ, ಅಷ್ಟೇ, ಮಗುಗೆ ಮೆಚ್ಚಿಸೋಕೆ ಬರಲ್ಲ, ಅಪ್ಪನ ಮಾನ ಉಳಿಸೋಕೆ ಬರಲ್ಲ, ನಾನು ಉಸಿರು ಹಿಡ್ಕೊಂಡು ನೋಡ್ತಿದ್ದೆ, ಒಂದು ಕೂಸು ಗೆರೆಗಳ ಕಡೆ ನಿಧಾನಕ್ಕೆ ತಲೆ ತಿರುಗಿಸಿದಾಗ ನನಗೆ ಯಾಕೆ ಕಣ್ಣೀರು ಬರಬೇಕು, ನಿನಗೆ ಇದು ಇಷ್ಟ ಆಗಿದೆ ಅಲ್ವಾ, ಅಂದ್ಳು ಅವಳು, ಬಂದುಬಿಡು, ಒಂದು ವರ್ಷ ನನ್ನ ಜೊತೆ ಸರಿಯಾಗಿ ಕಲಿ, ನಿನ್ನ ಊರಲ್ಲಿ ಇದನ್ನ ಮಾಡು, ಜಾಗ ಹಿಡಿದಿಟ್ಟಿರ್ತೀನಿ, ಒಂದು ತಿಂಗಳೊಳಗೆ ಬರದಿದ್ರೆ ಬೇರೆಯವರಿಗೆ, ಆ ತಿಂಗಳು ಮುಗಿಯೋದು ಬರೋ ವಾರ. ಇಷ್ಟು ವರ್ಷ ಮುಂದೇನು ಮುಂದೇನು ಅಂತ ಕೇಳಿದವರಿಗೆಲ್ಲ ಭುಜ ಕುಣಿಸಿದವಳು ನಾನು, ಮೊದಲನೇ ಸಲ ಉತ್ತರ ಇಟ್ಕೊಂಡು ಮನೆಗೆ ಬಂದೆ. ಅಪ್ಪನ ಕಿವಿಗೆ ಬಿದ್ದಿದ್ದು ಏನು, ಇನ್ನೊಂದು ವರ್ಷ, ಅಷ್ಟೇ, ಏನು, ಮತ್ತೆ ಹೋಗಿಬರ್ತೀಯಾ, ನೀನೇನು ಬಸ್ಸಾ, ಅಂದ.

ಬಂದ ದಿನ ವಿಮಾನ ನಿಲ್ದಾಣದಲ್ಲಿ ಇಬ್ಬರೂ ಕಂಬಿ ಹಿಡ್ಕೊಂಡು ನಿಂತಿದ್ರು, ದೂರದಿಂದಲೇ ಕಂಡ್ರು, ಕಂಡ್ರು ನನಗೆ! ಅಮ್ಮನ ಕೆನ್ನೆ ಮೇಲಿನ ಮಚ್ಚೆ, ಅಪ್ಪನ ಮುಖದ ತುಂಬ ಗೆರೆ, ಈ ವರ್ಷ ಬಂದವೋ, ಮೊದಲೇ ಇದ್ದು ನಾನೇ ನೋಡಿರಲಿಲ್ವೋ, ಕೈ ಬೀಸಿದೆ, ಅಪ್ಪ ನನ್ನನ್ನ ದಾಟಿ ನನ್ನ ಹಿಂದೆ ಬರ್ತಿದ್ದ ಯಾರದೋ ಮಗಳನ್ನ ನೋಡ್ದ, ಅಮ್ಮ ಮೊಣಕೈಯಲ್ಲಿ ತಿವಿದು, ರೀ ಬಂದ್ಳು, ಕನ್ನಡಕ ಹಾಕ್ಕೊಂಡಿದಾಳೆ ರೀ, ಅಂದ್ಮೇಲೆ ಮುಖ ಈ ಕಡೆ ತಿರುಗ್ತು, ಗಂಟು ಹಾಕ್ಕೊಂಡೇ ತಿರುಗ್ತು. ಬೀದಿಯಲ್ಲಿ ಕೇಳ್ಬೇಕಾ, ಕನ್ನಡಕದಂಗಡಿಯವನ ಮಗಳು ಹೊರದೇಶದಲ್ಲಿ ಕನ್ನಡಕ ಹಾಕಿಸ್ಕೊಂಡು ಬಂದಳಂತೆ, ಪುರೋಹಿತರ ಮಗ ಪಕ್ಕದೂರಿನವರ ಹತ್ರ ಮುಹೂರ್ತ ಕೇಳಿದ ಹಾಗಾಯ್ತು ಅಂತ ಮೇಷ್ಟ್ರೇ ಅಂದ್ರಂತೆ. ಅವರು ಟೋಪಿ ಹಾಕಿದಾರೆ ನಿನಗೆ, ಅಂದ ಅಪ್ಪ, ಟೋಪಿ ಅಲ್ಲ ಅಪ್ಪಾ ಕನ್ನಡಕ, ಅಂದೆ, ಅಮ್ಮ ಬಾಯಿಗೆ ಸೆರಗು ಹಿಡಿದು ನಕ್ಳು, ಆಮೇಲೆ ಯಾಕೋ ತಟ್ಟನೆ ನಿಲ್ಲಿಸಿದ್ಳು, ಪುಟ್ಟೀ, ಅಪ್ಪ ಹೇಳಿದ ಹಾಗೆ ಕೇಳ್ಬಿಡೇ, ಈ ವರ್ಷ ಒಂದು ಇದ್ದುಬಿಡೇ, ಅಂದ್ಳು, ಯಾಕೆ ಅಂತ ಕೇಳಿದ್ರೆ ಪಾತ್ರೆ ತೊಳೆಯೋಕೆ ಹೋದ್ಳು. ಈ ಮನೆಯಲ್ಲಿ ಏನೋ ಬದಲಾಗಿದೆ, ಅಪ್ಪ ದೊಡ್ಡ ಸಾಹೇಬ ಆಗಿದಾನೆ, ಲೆನ್ಸಿನ ಪೊಟ್ಟಣ ಕೈಯಲ್ಲಿ ಹಿಡ್ಕೊಂಡು, ಇವಳೇ, ನಂಬರ್ ಓದೇ, ಅಂತಾನೆ, ಅಮ್ಮ ಕೈ ಒರೆಸ್ಕೊಂಡು ಬಂದು ಓದ್ತಾಳೆ, ಸೇವೆ ಮಾಡಿಸ್ಕೊಳ್ಳೋಕೆ ವಯಸ್ಸಾಯ್ತು ಸಾಹೇಬರಿಗೆ ಅಂದ್ಕೊಂಡೆ ನಾನು. ಮೇಷ್ಟ್ರು ಈಗ ಬಂದಿರೋದೂ ಪಂಥ ನೋಡೋಕೆ ಮಾತ್ರ ಅಲ್ಲ, ಯಜಮಾನ್ರೇ ಈ ಹೊಸ ಕನ್ನಡಕದಲ್ಲಿ ಮೆಟ್ಟಿಲು ಎದ್ದು ಬಂದು ಮುಖಕ್ಕೆ ಹೊಡಿಯುತ್ತೆ, ನಮ್ಮ ಮನೆಯವಳು ಇಬ್ಬರಾಗಿ ಕಾಣ್ತಾಳೆ, ಒಬ್ಬಳ ಹತ್ರ ಬೈಸ್ಕೊಳ್ಳೋದೇ ಸಾಕಾಗಿದೆ, ಅಂತ ಎರಡನೇ ಸಲ ವಾಪಸ್ ತಂದಿದಾರೆ, ಅಭ್ಯಾಸ ಆಗುತ್ತೆ ಮೇಷ್ಟ್ರೇ, ಅಂತ ಅಪ್ಪ, ನಿಮಗೆ ವಯಸ್ಸಾಯ್ತು, ಅದಕ್ಕೆ ಲೆನ್ಸ್ ಏನು ಮಾಡುತ್ತೆ.

ಮೂರನೇ ಸಾಲು, ಅಂತಾನೆ. ಮೂಲೆಯಿಂದ ಕೋಲು ತಗೊಂಡ, ಬೆತ್ತದ ಕೋಲು, ತುದಿಗೆ ಕೆಂಪು ರಬ್ಬರು, ಬೋರ್ಡಿಗೆ ಪಕ್ಕಾಗಿ ನಿಂತ, ಮುಖ ನನ್ನ ಕಡೆ, ಅದು ಅವನ ನಿಲುವು, ಬೋರ್ಡು ನೋಡಬೇಕಾದವನು ಗಿರಾಕಿ, ನಾನು ನೋಡಬೇಕಾದ್ದು ಗಿರಾಕಿ ಮುಖ ಅಂತಾನೆ, ಕೈ ತಾನಾಗೇ ಹೋಗುತ್ತೆ ಸಾಲಿಗೆ, ಹುಂ, ಓದು. ಈಗ. ಕಾಣ್ತಿಲ್ಲ ಅಪ್ಪಾ, ಅಷ್ಟೇ, ಹೇಳು, ಹೇಳಿಬಿಡು, ಆ ಕಾಣದ ಕೂಸಿನ ಹಾಗೆ ತಲೆ ತಿರುಗಿಸದೆ ಕೂತ್ರೆ ಸಾಕು, ಬಿಳಿ ಇದೆ, ಬಿಳಿಯೊಳಗೆ ಕರಗಿದ ಕಪ್ಪು ಇದೆ, ಕೋಲೂ ಒಂದು ಕಪ್ಪು ಗೆರೆ, ಆದ್ರೆ ಆ ಗೆರೆ ಬಿಳಿ ಒಳಗೆ ಇಲ್ವಲ್ಲ. ಬಿಳಿ ಇಲ್ಲಿದೆ. ಕೋಲು ಅಲ್ಲಿದೆ. ನೆರಳಿರಬೇಕು, ನನ್ನ ಕಣ್ಣಿನ ಮೇಲೆ ನನಗೇನು ನಂಬಿಕೆ, ಇದು ಹಲ್ಲಿಗೆ ನಗು ಅಂದ ಕಣ್ಣು. ಅಪ್ಪಾ ಯಾವ ಸಾಲು, ಅಂದೆ. ಕೋಲು ತೋರಿಸ್ತಿಲ್ವಾ, ಅದೇ, ಅಂದ, ಟಕ್ ಟಕ್ ಅಂತ ಕುಟ್ಟಿದ, ಬೋರ್ಡು ಗಾಜು, ಗಾಜಿಗೆ ಕುಟ್ಟಿದ್ರೆ ಟಿಣ್ ಅನ್ನಬೇಕು, ಟಕ್ ಅಂತಿದೆ, ಟಕ್ ಅನ್ನೋದು ಗೋಡೆ. ಅಮ್ಮ ಮೊನ್ನೆ ಏನೋ ಅಂದ್ಳಲ್ಲ, ಬಣ್ಣ ಹೊಡೆಯೋನು ಹಳೇ ಮೊಳೆ ಕಿತ್ತುಹಾಕಿಬಿಟ್ಟ ಪುಟ್ಟಿ, ಬೋರ್ಡು ಒಂದು ಗೇಣು ಈಚೆ ಹಾಕಿದೀನಿ, ಅಪ್ಪನಿಗೆ ಹೇಳ್ಬೇಡ, ಕೂಗಾಡ್ತಾರೆ. ಹೇಳ್ಬೇಡ. ಯಾಕೆ ಹೇಳ್ಬೇಕು, ಲೈಟು ಉರೀತಿರೋ ಇಷ್ಟುದ್ದದ ಪೆಟ್ಟಿಗೆ, ಹೇಳದೆ ಕಾಣಲ್ವಾ, ಕಾಣಲ್ವಾ.

ಕೈ ಮಡಿಲಿಗೆ ಹೋಯ್ತು. ಕನ್ನಡಕ ಎತ್ತಿದೆ, ಅವನ ಎದುರಿಗೇ, ನಾಲ್ಕು ಹೆಜ್ಜೆ ಆಚೆ ಅವನು, ಕಡ್ಡಿ ಬಿಡಿಸಿದೆ, ಒಂದು ಕಿವಿ, ಇನ್ನೊಂದು ಕಿವಿ, ಮೂಗಿನ ಮೇಲೆ ಕೂರಿಸಿದೆ, ಮುಚ್ಚಿದ್ದ ಕಣ್ಣೂ ಬಿಟ್ಟೆ, ಎರಡೂ ಕಣ್ಣು ಬಿಟ್ಕೊಂಡು ಅವನ ಮುಖವನ್ನೇ ನೋಡ್ತಾ ಕೂತೆ, ಬೈ ಅಪ್ಪಾ, ಕೂಗಾಡು, ಕಳ್ಳೀ ತೆಗೆ ಅದನ್ನ ಅನ್ನು. ಹಾಂ, ಕಣ್ಣು ಕಿರಿದು ಮಾಡಬೇಡ, ಅಂದ ಅಪ್ಪ, ಬರೀ ಕಣ್ಣಲ್ಲಿ ಓದು. ಅವನ ಕಣ್ಣು ನನ್ನ ಮೇಲಿದೆ, ನನ್ನ ಹಣೆಯ ಮೇಲೆಲ್ಲೋ ಇದೆ, ಚೂರು ಎಡಕ್ಕೆ, ಶ್ರದ್ಧೆಯಿಂದ, ಪ್ರೀತಿಯಿಂದ ಯಾರನ್ನೋ ನೋಡ್ತಿದೆ, ಆ ಜಾಗದಲ್ಲಿ ಯಾರೂ ಇಲ್ಲ. ಪರದೆ ಸಂದಿಯಲ್ಲಿ ಅಮ್ಮ, ಮಚ್ಚೆ ಸಮೇತ ಕಾಣ್ತಾಳೆ, ಅವಳು ನನ್ನ ಮುಖದ ಮೇಲಿನ ಕನ್ನಡಕ ನೋಡಿದ್ಳು, ನಾನು ನೋಡಿದ್ದನ್ನ ನೋಡಿದ್ಳು, ತಲೆ ಅಲ್ಲಾಡಿಸಿದ್ಳು, ಬೇಡ, ಬೇಡ ಪುಟ್ಟಿ, ಬಾಯಿ ಮಾತ್ರ ಆಡ್ತಿದೆ, ಅಂದ್ರೆ ಇವಳಿಗೆ ಗೊತ್ತು, ನಂಬರ್ ಓದಿದ್ದು ಸೇವೆಗಲ್ಲ, ಈ ವರ್ಷ ಇದ್ದುಬಿಡೇ ಅಂದಿದ್ದು ಅದಕ್ಕೆ, ಹೇಳಬಾರದಿತ್ತಾ, ಬಾಯಿಬಿಟ್ಟು ಒಂದು ಮಾತು, ಪುಟ್ಟೀ ಅಪ್ಪನಿಗೆ ಕಾಣಲ್ಲ ಅಂತ, ಬೈಕೊಂಡಾದ್ರೂ ಅತ್ತುಕೊಂಡಾದ್ರೂ ಮನುಷ್ಯಳ ಹಾಗೆ ಒಂದು ನಿರ್ಧಾರ ಮಾಡ್ತಿದ್ದೆ, ಇಲ್ಲ, ಪಂಥ ಕಟ್ಟಬೇಕು, ಟೋಪಿ ಹಾಕಿದ್ರು ಅನ್ನಬೇಕು, ಮಾನ, ಬೀದಿ, ಮೇಷ್ಟ್ರು, ನಮ್ಮನೇಲಿ ಒಬ್ಬರಿಗೂ ಕನ್ನಡಕ ಇಲ್ಲ! ಏನ್ ಯಜಮಾನ್ರೇ ಸದ್ದೇ ಇಲ್ಲ, ಸೋತ್ರಾ, ಅಂತಾರೆ ಮೇಷ್ಟ್ರು ಆಚೆಯಿಂದ. ಕಾಣ್ತಿಲ್ಲ ಅಪ್ಪಾ ಅಂದ್ರೆ ನಾನು ಗೆದ್ದೆ, ಬರೋ ವಾರ ಬೆಳ್ಳಿಗೂದಲು, ರಟ್ಟು, ಗೆರೆ ಕಡೆ ತಿರುಗೋ ಕೂಸು, ಅಪ್ಪ ಲೆನ್ಸ್ ಉಜ್ಜೋಕೆ ಕೂರ್ತಾನೆ, ಮಾತು ಕೊಟ್ಟಿದಾನೆ, ನನ್ನ ಕನ್ನಡಕಕ್ಕೆ, ಆ ಕಣ್ಣಲ್ಲಿ, ಆ ಕೈಯಲ್ಲಿ, ತಿರುಗೋ ಕಲ್ಲಿನ ಮುಂದೆ ಬೆರಳು ಚಾಚಿ — ಓದಮ್ಮಾ, ಅಂದ, ದನಿ ಕೆಳಗಿಳಿದಿದೆ, ಇದು ಪಂಥದ ದನಿಯಲ್ಲ, ಓದೇ, ಅಂದ.

ಬ, ಅಂತು ಬಾಯಿ. ನಾನು ಹೇಳಲಿಲ್ಲ, ಬಾಯಿ ಅಂತು, ಬ, ಡ, ಪ. ಸರಿ! ಅಂದ ಅಪ್ಪ, ಕೇಳಿದ್ರಾ ಮೇಷ್ಟ್ರೇ. ಕೋಲು ಒಂದು ಚೂರು ಕೆಳಗಿಳೀತು, ಈಗ ಎಲ್ಲ ಸ್ಪಷ್ಟ ಕಾಣ್ತಿದೆ ನನಗೆ, ಬೋರ್ಡು ಇಲ್ಲಿ ಬೆಳಗ್ತಾ ತನ್ನ ಪಾಡಿಗಿದೆ, ಒಂದು ಗೇಣು ಆಚೆ ಹೊಸ ಗೋಡೆ, ಗೋಡೆ ಮೇಲೆ ಕೋಲಿನ ತುದಿ, ತುದಿ ಒತ್ತಿದ ಜಾಗದಲ್ಲಿ ಕೆಂಪಗೆ ಒಂದು ಚುಕ್ಕೆ, ಅದರ ಪಕ್ಕದಲ್ಲಿ ಇನ್ನೊಂದು ಚುಕ್ಕೆ, ಅದು ಈವತ್ತಿನದಲ್ಲ, ಅದರ ಸುತ್ತ ಎಷ್ಟೋ ಚುಕ್ಕೆ, ಸಾಲು ಸಾಲಾಗಿ ಮೇಲಿಂದ ಕೆಳಗೆ, ಬಣ್ಣ ಹೊಡೆದ ದಿನದಿಂದ ಬಂದವರಿಗೆಲ್ಲ ಇದನ್ನೇ ತೋರಿಸಿದಾನೆ, ಮೇಷ್ಟ್ರಿಗೂ ಇದನ್ನೇ, ಒಬ್ಬರೂ ಯಜಮಾನ್ರೇ ಅದು ಗೋಡೆ ಅನ್ನಲಿಲ್ಲ. ಮುಂದಿನದು, ಅಂತಾನೆ, ನ ಳ ಹ ಟ, ಸರಿ, ನನಗೆ ಗೊತ್ತಿತ್ತು ಕಣೇ, ನಿನ್ನ ಕಣ್ಣಿಗೇನಾಗಿದೆ, ಅಂತಾನೆ, ಜ ವ ಠ ಸ ಮ, ಸರಿ, ಪರದೆ ಹಿಂದೆ ಅಮ್ಮನ ಉಸಿರು, ನಾನು ಓದ್ತಿದೀನಿ, ಕನ್ನಡಕ ಹಾಕ್ಕೊಂಡು ಹೊಸ ಬಣ್ಣದ ಗೋಡೆ ಓದ್ತಿದೀನಿ, ಇನ್ನೆರಡು ಸಾಲು, ಆಮೇಲೆ ಕೋಟು, ಅಪ್ಪನ ಮುಖ ಅರಳ್ತಿದೆ, ನನ್ನ ಹಣೆಯ ಎಡಕ್ಕೆ ಅರಳ್ತಿದೆ, ಕೋಲು ಇಳೀತು, ಟಕ್, ಓದು, ರ ಪ ಗ, ಟಕ್, ಕೆಂಪು ತುದಿ, ಗೋಡೆ, ಚುಕ್ಕೆ, ಓದು, ಡ ಳ ನ, ಕೋಲು ಮತ್ತೆ ಏಳುತ್ತೆ, ಗಾಳಿಯಲ್ಲಿ ಚೂರು ತಡಕುತ್ತೆ, ಇಳಿಯುತ್ತೆ, ಗೋಡೆ ಮೇಲೆ ಕೋಲು, ಬರೀ ಗೋಡೆ ಮೇಲೆ ಕೋಲು, ಕೋಲು